ಯಾರೂ ಕಡಿಯದ ಮರದ ಸೊಪ್ಪು

ಯಾರ ಕಣ್ಣಿಗೂ ಬೀಳದೆ ಬದುಕುವುದು ಒಂದು ಕಲೆ ಎನ್ನುವುದಾದರೆ, ಆ ಕಲೆಯಲ್ಲಿ ನಾನು ಹುಟ್ಟು ಪ್ರತಿಭಾವಂತ. ಇದು ಜಂಬವಲ್ಲ, ಪುರಾವೆಗಳಿವೆ. ಸಿದ್ದಾಪುರಕ್ಕೆ ಡ್ರಾಯಿಂಗ್ ಮಾಸ್ತರನಾಗಿ ಬಂದು ಮೂರು ವರ್ಷವಾದ ಮೇಲೂ ಕಟಿಂಗ್ ಅಂಗಡಿಯವನು ಪ್ರತಿ ತಿಂಗಳು ನನ್ನ ಕೊರಳಿಗೆ ಬಟ್ಟೆ ಸುತ್ತುತ್ತ, "ಊರಿಗೆ ಹೊಸಬ್ರಾ?" ಎಂದು ಕೇಳುತ್ತಿದ್ದ. ಶಾಲೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನ ಎಡತುದಿಗೆ ಅರ್ಧ ಕಿವಿ ಕಾಣುತ್ತದಲ್ಲ, ಅದು ನಾನು. ಒಮ್ಮೆ ಸ್ಟಾಫ್ ರೂಮಿನಲ್ಲಿ ನಾನು ಕೂತು ಪೇಪರ್ ತಿದ್ದುತ್ತಿರುವಾಗಲೇ ಜವಾನ ಒಳಗೆ ಬಂದು, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ನಾನು "ರೀ" ಅನ್ನುವಷ್ಟರಲ್ಲಿ ಅವನ ಸೈಕಲ್ ಗೇಟು ದಾಟಿತ್ತು.

ಹೀಗಿರುವಾಗ, ಮೈತುಂಬ ಸೊಪ್ಪು ಕಟ್ಟಿಕೊಂಡು ಕಾಡಿನಲ್ಲಿ ಅಡಗಿ ಕೂತು ವೈರಿಗೆ ಗುಂಡು ಹೊಡೆಯುವ ಆಟವೊಂದಿದೆ ಎಂದು ಗೊತ್ತಾದಾಗ, ಅದು ನನಗಾಗಿಯೇ ಹುಟ್ಟಿದ ಆಟ ಎಂದು ನಾನು ನಂಬಿದ್ದರಲ್ಲಿ ತಪ್ಪೇನಿದೆ?

ತಪ್ಪಿತ್ತು. ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ಊರು ಬ್ಯಾಡಗಿ ಕಡೆ. ಅಲ್ಲಿ ಮರ ಎಂದರೆ ಬೇವು, ಜಾಲಿ, ಮಾವು. ಮೂರು ಹೆಸರು ಕಲಿತರೆ ಜನ್ಮ ಸಾಗುತ್ತದೆ. ನನ್ನ ಹೆಂಡತಿ ಗಿರಿಜಾ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನರ್ಸು. ನಮ್ಮಿಬ್ಬರನ್ನೂ ಒಂದೇ ಕಡೆ ಹಾಕಿ ಎಂದು ಕೊಟ್ಟ ಅರ್ಜಿಗೆ ಸರ್ಕಾರಿ ಭಾಷೆಯಲ್ಲಿ 'ಪತಿ-ಪತ್ನಿ ಪ್ರಕರಣ' ಎನ್ನುತ್ತಾರೆ. ಕಳವಿನ ಪ್ರಕರಣ, ಕೊಲೆ ಪ್ರಕರಣ ಇದ್ದ ಹಾಗೆ. ಅವಕ್ಕಾದರೂ ಒಂದು ದಿನ ತೀರ್ಪು ಬರುತ್ತದೆ.

ಸೋಮವಾರದಿಂದ ಶನಿವಾರದವರೆಗೆ ಶಾಲೆ ಇರುತ್ತಿತ್ತು, ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಎಸ್‌ಟಿಡಿ ಬೂತಿಗೆ ಹೋಗಿ ಗಿರಿಜಾಳ ಜೊತೆ ಐದು ನಿಮಿಷ ಮಾತಾಡುತ್ತಿದ್ದೆ. ಎಂಟು ಗಂಟೆ ಐದು ನಿಮಿಷಕ್ಕೆ ನನ್ನ ಭಾನುವಾರ ಮುಗಿದಿರುತ್ತಿತ್ತು. ಆಮೇಲೆ ಬಟ್ಟೆ ಒಗೆಯುತ್ತಿದ್ದೆ. ಒಗೆದದ್ದನ್ನೇ ಇನ್ನೊಮ್ಮೆ ಒಗೆಯುತ್ತಿದ್ದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಎಲ್ಲಿಗೂ ಹೋಗುವ ಕೆಲಸವಿಲ್ಲದೆ ಬೋರ್ಡು ಓದುತ್ತಿದ್ದೆ: ಶಿರಸಿ, ಸಾಗರ, ಕುಮಟಾ, ಹೆಗ್ಗರಣೆ. ಸಂಜೆ ಹೊತ್ತಿಗೆ ಒಮ್ಮೊಮ್ಮೆ ಅಳು ಬರುತ್ತಿತ್ತು. ಮೂವತ್ತಾರರ ಗಂಡಸು ಹೀಗೆ ಬರೆದುಕೊಳ್ಳಲು ನಾಚಿಕೆಯಾಗಬೇಕು, ಆಗುತ್ತಿದೆ. ಆದರೆ ಬರುತ್ತಿತ್ತು.

ಇದನ್ನೆಲ್ಲ ಗಿರಿಜಾಳಿಗೆ ಹೇಳುವುದುಂಟೇ? ಅವಳು ಅಲ್ಲಿ ಒಬ್ಬಳೇ ಇಡೀ ಹಳ್ಳಿಯ ಹೆರಿಗೆ ಮಾಡಿಸುತ್ತಿದ್ದಳು.

"ಅಲ್ಲಿ ನಿಮಗ ಯಾರರ ಗೆಳೆಯರು ಆಗ್ಯಾರೇನ್ರೀ?" ಎಂದು ಮೊದಲ ವರ್ಷವೇ ಕೇಳಿದಳು.

"ಭಾಳ ಮಂದಿ ಆಗ್ಯಾರ!" ಅಂದೆ.

"ಯಾರ್ಯಾರು?"

"ಹೆಗಡೆಯವರು," ಅಂದೆ. ಇದು ಜಾಣತನ. ಸಿದ್ದಾಪುರದಲ್ಲಿ 'ಹೆಗಡೆಯವರು' ಎಂದರೆ ಪೂರ್ತಿ ಸುಳ್ಳು ಆಗುವುದೇ ಇಲ್ಲ. ಬಸ್ಸಿನಲ್ಲಿ ಆ ಹೆಸರು ಹಿಡಿದು ಕೂಗಿದರೆ ಡ್ರೈವರನ್ನೂ ಸೇರಿಸಿ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಮುಂದಿನ ವಾರ ಭಟ್ಟರು ಸೇರಿಕೊಂಡರು. ಅದರ ಮುಂದಿನ ವಾರ ಶಾಸ್ತ್ರಿಗಳು. ಮೂರು ವರ್ಷದಲ್ಲಿ ನನ್ನ ಗೆಳೆಯರ ಬಳಗ ಆರು ಜನಕ್ಕೆ ಬೆಳೆಯಿತು. ಎಲ್ಲರೂ ಸಜ್ಜನರು. ಒಬ್ಬರೂ ನನ್ನ ಮನಸ್ಸು ನೋಯಿಸಿದವರಲ್ಲ.

ಅದು ಎರಡು ಸಾವಿರದ ಒಂದೋ ಎರಡೋ ಇಸವಿ. ಸೆಪ್ಟೆಂಬರಿನ ಒಂದು ಭಾನುವಾರ ಗಿರಿಜಾ ಫೋನಿನಲ್ಲಿ ಬಾಂಬ್ ಹಾಕಿದಳು. "ದಸರಾಕ್ಕ ನನಗ ಹತ್ತು ದಿನ ರಜಾ ಸಿಕ್ಕೈತಿ. ಬರಾಕತ್ತೀನಿ. ನಿಮ್ಮ ಆರೂ ಮಂದಿ ಗೆಳೆಯರನ್ನ ಊಟಕ್ಕ ಕರೀರಿ. ನಾ ಇಲ್ಲದಾಗ ನಿಮ್ಮನ್ನ ನೋಡಿಕೊಂಡಾರ, ಅವರಿಗೆ ನನ್ನ ಕೈಯಾರ ಬಡಸಬೇಕು."

ದಸರೆಗೆ ಐದು ವಾರವಿತ್ತು. ಐದು ವಾರದಲ್ಲಿ ಆರು ಗೆಳೆಯರು! ರಿಸೀವರ್ ಇಟ್ಟೆ. ಅವಳಿಗೆ ಸುಳ್ಳು ಗೊತ್ತಾಗುವುದಕ್ಕಿಂತ ಹೆಚ್ಚಾಗಿ, ಮೂರು ವರ್ಷ ನಾನು ಹೇಗಿದ್ದೆ ಎನ್ನುವುದು ಗೊತ್ತಾಗಿಬಿಡುತ್ತದಲ್ಲ ಎಂದು ಭಯವಾಯಿತು.

ನಾನು ಬಾಡಿಗೆಗಿದ್ದ ಕೋಣೆಯ ಒಡತಿ ಭಾಗೀರಥಕ್ಕ. ಮಾತಾಡಲು ಮನುಷ್ಯರು ಸಿಗದಿದ್ದರೆ ಒಲೆಯ ಜೊತೆ ಮಾತಾಡುವ ಹೆಂಗಸು. ಅವರ ಹತ್ತಿರ ಸುತ್ತಿ ಬಳಸಿ, ಈ ಊರಿನಲ್ಲಿ ಭಾನುವಾರ ಗಂಡಸರು ಏನು ಮಾಡುತ್ತಾರೆ ಎಂದು ಕೇಳಿದೆ.

"ಎಂತ ಮಾಡ್ತ? ಉಂಡ್ಕಂಡು ಮಲಗ್ತ. ಯನ್ನ ತಮ್ಮ ಒಬ್ಬ ಇದ್ದ ನೋಡಿ, ಮಿಲಿಟ್ರಿಯಿಂದ ರಿಟೈರ್ ಆಗಿ ಬಂದವ. ಅವಂಗೆ ಮಲಗಿದ್ರೂ ಸಮಾಧಾನ ಇಲ್ಲೆ. ಭಾನುವಾರ ಬಂದ್ರೆ ಐದು ಜನ ಕಟ್ಕಂಡು, ಬಂದೂಕ ಹಿಡಕಂಡು ಹೆಗ್ಗರಣೆ ಕಡೆ ಬೆಟ್ಟಕ್ಕೆ ಹೋಗ್ತ."

"ಬೇಟೆಗಾ?" ಎಂದೆ ಗಾಬರಿಯಿಂದ.

"ಎಂತ ಬೇಟೆ! ಆಟದ ಬಂದೂಕ ಮಾರಾಯ್ರೆ. ಭಟ್ಕಳದ ಫಾರಿನ್ ಅಂಗಡಿದು."

ನಾನು ಲೆಕ್ಕ ಹಾಕಿದೆ. ತಮ್ಮ ಒಬ್ಬ, ಜೊತೆಗೆ ಐದು. ಒಟ್ಟು ಆರು! ದೇವರು ನನ್ನ ಫೋನ್ ಕದ್ದು ಕೇಳಿರಬೇಕು.

ಮಿಲಿಟರಿ ಹೆಗಡೆ ಎಂದು ಊರೆಲ್ಲ ಕರೆಯುತ್ತಿದ್ದ ಆ ತಮ್ಮ ಎತ್ತರದ ಆಳು. ಮೀಸೆಗೆ ಇಸ್ತ್ರಿ ಹಾಕುತ್ತಿದ್ದನೇನೋ ಎಂಬ ಅನುಮಾನ ನನಗೆ ಈಗಲೂ ಇದೆ. ಅವನ ಬಂದೂಕುಗಳು ಸ್ಪ್ರಿಂಗಿನವು. ಬಟಾಣಿ ಗಾತ್ರದ ಹಳದಿ ಪ್ಲಾಸ್ಟಿಕ್ ಗುಂಡು ಹಾರಿಸುತ್ತಿದ್ದವು. ತಾಗಿದರೆ ಕೆಂಪು ಚಗಳಿ ಇರುವೆ ಕಚ್ಚಿದಷ್ಟು ಉರಿ. ಹೊರದೇಶದಲ್ಲಿ ಈ ಆಟಕ್ಕೆ ಏರ್‌ಸಾಫ್ಟ್ ಎನ್ನುತ್ತಾರಂತೆ. ಕಣ್ಣಿಗೆ ಎಲ್ಲರೂ ವೆಲ್ಡಿಂಗ್ ಅಂಗಡಿಯ ಕನ್ನಡಕ ಹಾಕಿಕೊಳ್ಳಬೇಕು. ಮೂರು ಜನ ಒಂದು ಪಕ್ಷ, ಮೂರು ಜನ ಇನ್ನೊಂದು.

"ಈಗ ನಿಂಗ ಬಂದ್ರೆ ಏಳಾಗ್ತು," ಎಂದು ಮಿಲಿಟರಿ ಹೆಗಡೆ ಮೀಸೆ ಸವರಿದ. "ಏಳು ಎರಡು ಪಾಲು ಆಗ್ತಿಲ್ಲೆ. ಒಂದು ಕೆಲ್ಸ ಮಾಡನ. ನಿಂಗ ಸ್ನೈಪರ್ ಆಗಿ. ಸ್ನೈಪರ್ ಹೇಳಿರೆ ಒಬ್ಬನೇ. ಅವಂಗೆ ಜೊತೆ ಇರ್ತಿಲ್ಲೆ. ಮಾತಾಡ್ಲಾಗ, ಕೆಮ್ಮಲಾಗ, ಅಲ್ಲಾಡ್ಲಾಗ. ಎಲ್ಲರಿಂದ ಇನ್ನೂರು ಹೆಜ್ಜೆ ದೂರ, ಸುಮ್ನೆ ಕೂತ್ಕಳವ್ವು. ಆಗ್ತಾ ನಿಮ್ಮತ್ರ?"

"ಮೂರು ವರ್ಷದ ಅನುಭವ ಇದೆ," ಅಂದೆ.

ಅವನು ತಮಾಷೆ ಎಂದುಕೊಂಡು ಗಹಗಹಿಸಿ ನಕ್ಕ. ಗೆಳೆತನ ಹುಡುಕಿಕೊಂಡು ಹೋದವನಿಗೆ ಸಿಕ್ಕ ಹುದ್ದೆಯ ಒಂದೇ ಅರ್ಹತೆ, ಗೆಳೆಯರಿಲ್ಲದಿರುವುದು. ಆದರೂ ಒಪ್ಪಿಕೊಂಡೆ. ಇನ್ನೂರು ಹೆಜ್ಜೆ ಇದ್ದರೇನಾಯಿತು, ರಾಯಚೂರಿಗಿಂತ ಹತ್ತಿರವೇ.

ಸ್ನೈಪರ್‌ಗೆ ಒಂದು ಉಡುಪು ಬೇಕು, ಅದಕ್ಕೆ ಗಿಲ್ಲಿ ಸೂಟ್ ಎನ್ನುತ್ತಾರೆ ಎಂದು ಹೆಗಡೆ ಹೇಳಿದ. ಗಿಲ್ಲಿ ದಾಂಡು ಆಡುವಾಗ ಹಾಕುವ ಅಂಗಿ ಇರಬೇಕೆಂದು ನಾನು ತಿಳಿದೆ. ಅವನು ಒಂದು ಹಳೆಯ ಮಾಸಪತ್ರಿಕೆಯ ಚಿತ್ರ ತೋರಿಸಿದ ಮೇಲೆ ಅರ್ಥವಾಯಿತು. ಪೊದೆಗೆ ಎರಡು ಕಣ್ಣು ಬಂದರೆ ಹೇಗಿರುತ್ತದೋ ಹಾಗಿತ್ತು. ನಾನು ಡ್ರಾಯಿಂಗ್ ಮಾಸ್ತರ! ಬಣ್ಣ, ನೆರಳು, ಬೆಳಕು ನನ್ನ ಕಸುಬು. ಗೋಣಿಚೀಲ ತಂದು, ಸೆಣಬು ಬಿಡಿಸಿ, ಮೂರು ಬಗೆಯ ಹಸಿರು ಬಣ್ಣದಲ್ಲಿ ಅದ್ದಿ, ನಾಲ್ಕು ಸಂಜೆ ಕೂತು ಹೊಲಿದೆ. ಒಣಗಲು ತಂತಿಗೆ ಹಾಕಿದ್ದನ್ನು ಭಾಗೀರಥಕ್ಕ ಬಹಳ ಹೊತ್ತು ನೋಡಿದರು.

"ಎಂತದ್ರಾ ಮಾಸ್ತರೆ ಇದು? ಬೆರ್ಚಪ್ಪನ ಅಂಗಿಯಾ?"

ಬೆರ್ಚಪ್ಪ ಎಂದರೆ ಗದ್ದೆಯಲ್ಲಿ ನಿಲ್ಲಿಸುವ ಬೆದರುಬೊಂಬೆ. "ಇದು ಸೈನ್ಯದ ಉಡುಪು," ಎಂದೆ ಗಂಭೀರವಾಗಿ.

"ಹೌದಾ? ಹಂಗಾರೆ ಇದ್ನ ಹಾಕ್ಕಂಡು ಬೀದಿ ಮೇಲೆ ಹೋಗಡಿ. ನಾಯಿ ಬಿಡ್ತಿಲ್ಲೆ."

ನಾಯಿ ಬಿಡಲಿಲ್ಲ. ಅದು ಬೇರೆ ಕತೆ.

ಮೊದಲ ಭಾನುವಾರ ಹೆಗ್ಗರಣೆ ಬಸ್ಸಿಳಿದು ಬೆಟ್ಟ ಹತ್ತಿದೆವು. ಇಲ್ಲಿಯವರು ಬೆಟ್ಟ ಎನ್ನುವುದು ಗುಡ್ಡಕ್ಕಲ್ಲ, ಸೊಪ್ಪಿನ ಬೆಟ್ಟಕ್ಕೆ. ತೋಟಕ್ಕೆ ಗೊಬ್ಬರವಾಗಲೆಂದು ಇಲ್ಲಿಯ ಮರಗಳ ಟೊಂಗೆಯ ಸೊಪ್ಪನ್ನು ವರ್ಷ ವರ್ಷವೂ ಸವರುತ್ತಾರೆ. ಹಾಗಾಗಿ ಅಲ್ಲಿನ ಮರಗಳೆಲ್ಲ ಈಗಷ್ಟೇ ಕಟಿಂಗ್ ಅಂಗಡಿಯಿಂದ ಎದ್ದು ಬಂದ ಹಾಗೆ ಕಾಣುತ್ತವೆ. ಆಟದ ನಿಯಮ ಸರಳ. ಯಾರ ಪಕ್ಷಕ್ಕೂ ಸೇರದ ನಾನು ಕಣ್ಣಿಗೆ ಬಿದ್ದವರಿಗೆಲ್ಲ ಹೊಡೆಯಬಹುದು. ಆಟ ಮುಗಿದಾಗ ಮಿಲಿಟರಿ ಹೆಗಡೆ ಸಿಳ್ಳೆ ಹಾಕುತ್ತಾನೆ, ಆಗ ಎದ್ದು ಬರಬೇಕು.

ಒಂದು ಕಾಸರಕನ ಮರದ ಬುಡದಲ್ಲಿ ಮಲಗಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಸಿಳ್ಳೆ ಕೇಳಿಸಿತು. ಇಷ್ಟು ಬೇಗ ಮುಗಿಯಿತೇ ಎಂದು ಎದ್ದು ನಿಂತು, ಕೈ ಬೀಸಿ, "ಬಂದೆ!" ಎಂದು ಕೂಗಿದೆ. ಆರು ಕಡೆಯಿಂದ ಆರು ಗುಂಡು ಬಂದವು. ಎರಡು ಪಕ್ಷದವರೂ ಒಗ್ಗಟ್ಟಿನಿಂದ ಮಾಡಿದ ಕೆಲಸ ಅವತ್ತು ಅದೊಂದೇ. ಸಿಳ್ಳೆ ಹಾಕಿದ್ದು ಒಂದು ಹಕ್ಕಿ. ಥೇಟು ಮನುಷ್ಯರ ಹಾಗೆ, ಕೆಲಸವಿಲ್ಲದ ಹುಡುಗ ಹಾಡು ಗುನುಗಿದ ಹಾಗೆ ಸಿಳ್ಳೆ ಹಾಕುವ ಹಕ್ಕಿ ಈ ಕಾಡಿನಲ್ಲಿದೆ ಎಂದು ಬ್ಯಾಡಗಿಯವನಿಗೆ ಯಾರು ಹೇಳಬೇಕು? ಆಮೇಲೆ ನಿಜವಾದ ಸಿಳ್ಳೆ ಬಂದಾಗ ನಾನು ಹಕ್ಕಿ ಎಂದುಕೊಂಡು ಅರ್ಧ ತಾಸು ಮಲಗಿಯೇ ಇದ್ದೆ.

ಮಧ್ಯೆ ಚಹದ ವಿರಾಮವಿತ್ತು. ಆದರೆ ಸ್ನೈಪರ್ ತನ್ನ ಜಾಗ ಬಿಟ್ಟುಕೊಡಬಾರದಂತೆ. ಇನ್ನೂರು ಹೆಜ್ಜೆ ಆಚೆ ಅವರು ಆರು ಜನ ಥರ್ಮಾಸ್ ಬಿಚ್ಚಿ, ಅವಲಕ್ಕಿ ತಿನ್ನುತ್ತ, ಏನೋ ಹೇಳಿ ನಗುವುದು ಕೇಳಿಸುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ನಗು ಮಾತ್ರ ಬರುತ್ತಿತ್ತು. ಅವರು ನಕ್ಕಾಗ ಸೊಪ್ಪಿನೊಳಗೆ ನಾನೂ ನಗುತ್ತಿದ್ದೆ. ಹಿಂದಿನ ಭಾನುವಾರಗಳಿಗೆ ಹೋಲಿಸಿದರೆ ಇದು ದೊಡ್ಡ ಪ್ರಗತಿಯೇ.

"ಹೆಗಡೆಯವರು ನನಗ ಮುಖ್ಯ ಹುದ್ದಿ ಕೊಟ್ಟಾರ," ಎಂದು ಮುಂದಿನ ವಾರ ಗಿರಿಜಾಳಿಗೆ ಹೇಳಿದೆ.

"ಏನ್ ಹುದ್ದಿರೀ?"

"ದೂರ ಹೋಗಿ ಒಬ್ಬನ ಕುಂದ್ರೂದು."

"ಅದಕ್ಕ ಹೆಗಡೆಯವರು ಯಾಕ ಬೇಕ್ರೀ?" ಎಂದಳು.

ಮೂರನೆಯ ಭಾನುವಾರ ನನ್ನ ಸೂಟು ಎಷ್ಟು ಚೆನ್ನಾಗಿ ಕೂಡಿಬಂದಿತ್ತೆಂದರೆ, ಸೊಪ್ಪು ಕಡಿಯಲು ಬಂದ ಇಬ್ಬರು ಹೆಂಗಸರು ತಮ್ಮ ಹೊರೆಗಳನ್ನು ತಂದು ನನ್ನ ಪಕ್ಕದಲ್ಲೇ ಸಾಲಾಗಿ ಇಳಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡು ಎಲೆಯಡಿಕೆಯ ಕವಳ ಹಾಕಿದರು. ನಾನು ಉಸಿರು ಬಿಗಿಹಿಡಿದು ಮಲಗಿದ್ದೆ. ಮಾತಾಡ್ಲಾಗ, ಕೆಮ್ಮಲಾಗ, ಅಲ್ಲಾಡ್ಲಾಗ!

"ಏ ಮಾದೇವೀ, ನಾಕ್ ಹೊರೆ ಅಲ್ದನೇ ಕಟ್ಟಿದ್ದು? ಐದ್ ಹೆಂಗಾತೇ?" ಎಂದಳು ಒಬ್ಬಳು.

"ನೀನೇ ಕಟ್ಟಿ ಮರ್ತಿರ್ಬೇಕು ತಗ. ಅದೊಂದು ಸಡ್ಲ ಆಗ್ಯದೆ ನೋಡು, ಬಳ್ಳಿ ಬಿಗಿ."

ಬಳ್ಳಿ ನನ್ನ ಸೊಂಟದ ಕೆಳಗೆ ತೂರಿ ಬಂತು. ಆಗಲಾದರೂ ಬಾಯಿ ಬಿಡಬೇಕಿತ್ತು. ಆದರೆ ನಾನು ಶಿಸ್ತಿನ ಸಿಪಾಯಿ. ಮಾದೇವಿ ನನ್ನ ಬೆನ್ನ ಮೇಲೆ ಮೊಣಕಾಲೂರಿ, ಎರಡೂ ಕೈಯಿಂದ ಬಳ್ಳಿ ಜಗ್ಗಿದಳು. ಅಲ್ಲಿಗೆ ಶಿಸ್ತು ಮುಗಿಯಿತು.

"ಅಕ್ಕಾರ! ನಾನ್ರೀ! ಡ್ರಾಯಿಂಗ್ ಮಾಸ್ತರ!"

ಹೊರೆಯೊಂದು ಬಯಲುಸೀಮೆಯ ಕನ್ನಡದಲ್ಲಿ ಮಾತಾಡಿದ್ದನ್ನು ಅವರು ಹಿಂದೆ ಕೇಳಿರಲಿಕ್ಕಿಲ್ಲ. ಕತ್ತಿ, ಕವಳದ ಚೀಲ, ನಾಲ್ಕು ಹೊರೆ ಎಲ್ಲ ಬಿಟ್ಟು ಓಡಿದರು. ಆ ಕಿರುಚಾಟಕ್ಕೆ ಎರಡೂ ಪಕ್ಷದವರಿಗೆ ನನ್ನ ಜಾಗ ಗೊತ್ತಾಯಿತು. ಬಳ್ಳಿ ಕಟ್ಟಿಸಿಕೊಂಡು ಮಲಗಿದವನಿಗೆ ಗುಂಡು ಹೊಡೆಯಲು ಗುರಿ ಬೇಕಿಲ್ಲ. ಆಮೇಲೆ ಆ ಹೆಂಗಸರನ್ನು ಹುಡುಕಿ, ಹೊರೆ ತಲುಪಿಸಿ, ಕ್ಷಮೆ ಕೇಳಿ ಬಂದೆ. ಮಾದೇವಿ ದೂರದಿಂದಲೇ, "ಇದೆಂತಾ ಅವತಾರ ಮಾಸ್ತರೇ, ಮನೇಲಿ ಹೇಳೋರು ಕೇಳೋರು ಇಲ್ಲೇನು?" ಎಂದಳು.

ಹೀಗೆ ನಾಲ್ಕು ವಾರ ಕಳೆಯಿತು. ನಾನು ಒಬ್ಬರಿಗೂ ಗುಂಡು ತಾಗಿಸಿರಲಿಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ, ಹೆಗಡೆಯೊಬ್ಬನನ್ನು ಬಿಟ್ಟರೆ ಒಬ್ಬರಿಗೂ ನನ್ನ ಮುಖದ ಪರಿಚಯವಾಗಿರಲಿಲ್ಲ. ಬಸ್ಸಿನಲ್ಲಿ ಆರು ಜನ ಹಿಂದಿನ ಸೀಟು ಹಿಡಿದು ಕೂತರೆ ನಾನು ಗೋಣಿಯ ಗಂಟಿನ ಜೊತೆ ಮುಂದೆ ನಿಲ್ಲುತ್ತಿದ್ದೆ. ಬೆಟ್ಟದಲ್ಲಿ ನಾನು ಪೊದೆ. ಆ ಗುಂಪಿನಲ್ಲಿದ್ದ ಸ್ಟುಡಿಯೋ ಪ್ರಕಾಶನನ್ನು ಒಂದು ದಿನ ಪೇಟೆಯಲ್ಲಿ ಕಂಡು "ನಮಸ್ಕಾರ" ಅಂದರೆ, "ಪಾಸ್‌ಪೋರ್ಟ್ ಸೈಜಾ, ಸ್ಟಾಂಪ್ ಸೈಜಾ?" ಎಂದು ಕೇಳಿದ. ಊಟಕ್ಕೆ ಕರೆಯದೆಯೇ ವಾಪಸು ಬಂದೆ.

ಗಿರಿಜಾ ಬರುವುದು ಗುರುವಾರ. ನನಗೆ ಉಳಿದದ್ದು ಒಂದೇ ಭಾನುವಾರ. ಆವತ್ತು ಮಿಲಿಟರಿ ಹೆಗಡೆಯನ್ನೇ ಹೊಡೆಯಬೇಕು ಎಂದು ತೀರ್ಮಾನಿಸಿದೆ. ಅವನಿಗೆ ಅದುವರೆಗೆ ಯಾರೂ ಗುಂಡು ತಾಗಿಸಿರಲಿಲ್ಲ. ಅವನನ್ನು ಹೊಡೆದರೆ ಎಲ್ಲರೂ ಓಡಿ ಬರುತ್ತಾರೆ, ಬೆನ್ನು ತಟ್ಟುತ್ತಾರೆ, ಹೆಸರು ಕೇಳುತ್ತಾರೆ. ಆಗ ಸಹಜವಾಗಿ, ಅದೇ ಉಸಿರಿನಲ್ಲಿ, "ಗುರುವಾರದ ಮೇಲೆ ಒಂದು ದಿನ ಎಲ್ಲರೂ ನಮ್ಮನಿಗೆ ಊಟಕ್ಕ ಬರ್ರಿ" ಎಂದುಬಿಡಬೇಕು. ಈ ಒಂದು ವಾಕ್ಯವನ್ನು ಕನ್ನಡಿಯ ಮುಂದೆ ಹನ್ನೆರಡು ಸಲ ಅಭ್ಯಾಸ ಮಾಡಿದೆ.

ಅದಕ್ಕೆ ಗೋಣಿಯ ಹಸಿರು ಸಾಲದು, ತಾಜಾ ಸೊಪ್ಪು ಬೇಕು. ಭಾನುವಾರ ಉಳಿದವರಿಗಿಂತ ಮೊದಲಿನ ಬಸ್ಸಿಗೆ ಹೋಗಿ ಬೆಟ್ಟ ಹೊಕ್ಕೆ. ನೋಡಿದರೆ ಅಲ್ಲಿನ ಮರಗಳನ್ನೆಲ್ಲ ಅಷ್ಟರಲ್ಲಿ ಸವರಿಬಿಟ್ಟಿದ್ದರು. ಎಲ್ಲಾ ಬೋಳು. ಆದರೆ ಒಂದು ಮರ, ಒಂದೇ ಒಂದು ಮರ, ತುದಿಯಿಂದ ಬುಡದವರೆಗೆ ತುಂಬಿ ನಿಂತಿತ್ತು. ಅಗಲವಾದ, ಉದ್ದವಾದ, ಎಣ್ಣೆ ಹಚ್ಚಿದಂಥ ಎಲೆ. ಟೊಂಗೆಯ ತುದಿಗೆ ಗೊಂಚಲು ಗೊಂಚಲು. ಎಂಥ ಹಸಿರು! ಇಷ್ಟು ಜನ ಇಷ್ಟು ವರ್ಷದಿಂದ ಈ ಬೆಟ್ಟದಲ್ಲಿ ಸೊಪ್ಪು ಕಡಿದಿದ್ದಾರೆ, ಒಬ್ಬರಿಗೂ ಈ ಮರ ಕಣ್ಣಿಗೆ ಬಿದ್ದಿಲ್ಲವಲ್ಲ, ಕಲಾದೃಷ್ಟಿ ಇಲ್ಲದ ಜನ ಎಂದು ಮರುಗಿದೆ. ಆ ಮರದ ಮೇಲೆ ನನಗೆ ಒಂದು ಬಗೆಯ ಪ್ರೀತಿಯೂ ಹುಟ್ಟಿತು. ಯಾರೂ ಗಮನಿಸದ ಮರ!

ಯಾಕೆ ಯಾರೂ ಕಡಿದಿಲ್ಲ ಎಂದು ಒಂದು ಕ್ಷಣ ಯೋಚಿಸಬಹುದಿತ್ತು. ಯೋಚಿಸಲಿಲ್ಲ.

ಚಾಕುವಿನಿಂದ ಎರಡು ತೋಳು ತುಂಬ ಕೊಯ್ದೆ. ಸೂಟಿಗೆ ಸಿಕ್ಕಿಸಿದೆ, ಟೋಪಿಗೆ ಸಿಕ್ಕಿಸಿದೆ, ಅಂಗಿಯೊಳಗೂ ಎರಡು ಹಿಡಿ ತುರುಕಿದೆ. ಆಗ ಇನ್ನೊಂದು ಸೋಜಿಗ ಕಂಡಿತು. ಕೊಯ್ದ ಟೊಂಗೆಯಿಂದ ಸೊನೆ ಒಸರುತ್ತಿತ್ತು, ಗಾಳಿ ತಾಗಿದ ಸ್ವಲ್ಪ ಹೊತ್ತಿಗೆ ಅದು ಕಡುಗಪ್ಪಾಗುತ್ತಿತ್ತು. ಪ್ರಕೃತಿಯೇ ಕೊಟ್ಟ ಇಂಡಿಯನ್ ಇಂಕ್! ಸೈನಿಕರು ಮುಖಕ್ಕೆ ಕಪ್ಪು ಪಟ್ಟೆ ಬಳಿದುಕೊಳ್ಳುವುದನ್ನು ಆ ಮಾಸಪತ್ರಿಕೆಯಲ್ಲಿ ನೋಡಿದ್ದೆನಲ್ಲ. ಹಣೆಗೆ ಎರಡು ಗೆರೆ, ಕೆನ್ನೆಗೆ ಮೂರು ಮೂರು, ಮೂಗಿನ ಮೇಲೆ ಒಂದು, ಗದ್ದಕ್ಕೆ ನೆರಳು. ಕಲಾವಿದನ ಕೈ. ಮೀಸೆಯ ಕೆಳಗೆ ಸ್ವಲ್ಪ ಹೆಚ್ಚೇ ಹಾಕಿದೆ.

ಆವತ್ತು ನಾನು ನಿಜಕ್ಕೂ ಅದೃಶ್ಯನಾದೆ. ಮಿಲಿಟರಿ ಹೆಗಡೆ ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿ ಬಂದು, ಅತ್ತಿತ್ತ ನೋಡಿ, ಬಂದೂಕು ಕೆಳಗಿಟ್ಟು ಬೀಡಿ ಹಚ್ಚಲು ನಿಂತ. ಗುರಿ ಇಟ್ಟೆ. ಕುದುರೆ ಎಳೆದೆ. ಟಪ್! ಹಳದಿ ಗುಂಡು ಅವನ ಬೆನ್ನಿನ ನಡುಮಧ್ಯಕ್ಕೆ ಬಡಿಯಿತು.

"ಯಾರಾ ಅದು!" ಎಂದು ಅವನು ಎಗರಿ ತಿರುಗಿದ. ನಾನು ನಿಧಾನವಾಗಿ ಎದ್ದು ನಿಂತೆ. ಅವನ ಬಾಯಿ ತೆರೆದುಕೊಂಡಿತು. "ಭಲೇ ಮಾಸ್ತರೆ! ಭಲೇ! ಏ, ಎಲ್ಲ ಬನ್ರೋ ಇಲ್ಲಿ, ಮಾಸ್ತರು ಯನ್ನ ಹೊಡದ್ರು!"

ಐದೂ ಜನ ಓಡಿ ಬಂದರು. ಮಿಲಿಟರಿ ಹೆಗಡೆ ಎರಡೂ ತೋಳು ಚಾಚಿ ನನ್ನನ್ನು ಅಪ್ಪಿಕೊಳ್ಳಲು ಬಂದ. ನಾನು ಕನ್ನಡಿಯ ಮುಂದೆ ಕಲಿತ ವಾಕ್ಯವನ್ನು ನಾಲಿಗೆಯ ತುದಿಗೆ ತಂದುಕೊಂಡೆ. ಮೂರು ಹೆಜ್ಜೆ ದೂರದಲ್ಲಿ ಅವನು ಗಕ್ಕನೆ ನಿಂತ. ಅವನ ಕಣ್ಣು ನನ್ನ ಎದೆಯ ಮೇಲಿನ ಎಲೆ ನೋಡಿತು. ಮುಖದ ಮೇಲಿನ ಕಪ್ಪು ಗೆರೆ ನೋಡಿತು.

"ಅಯ್ಯಯ್ಯೋ! ಎಂತ ಸುತ್ಕಂಡಿದ್ರಾ ಮಾರಾಯ್ರೆ!" ಎಂದು ಹಿಂದಕ್ಕೆ ಜಿಗಿದ.

"ಹೊಳಗೇರು!" ಎಂದ ಪ್ರಕಾಶ.

"ಹೆಸ್ರು ಹೇಳಡ್ದಾ! ಹೆಸ್ರು ಹೇಳಿರೆ ಇನ್ನೂ ಏರ್ತಡ!" ಎಂದು ಮತ್ತೊಬ್ಬ ಅವನ ಬಾಯಿ ಮುಚ್ಚಿದ.

ಆರೂ ಜನ ಹಿಂದೆ ಸರಿದು ಅರ್ಧಚಂದ್ರಾಕಾರದಲ್ಲಿ ನಿಂತರು. ಆ ಮರದ ಸೊನೆ ತಾಗಿದರೆ ಮೈ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಕೆಲವರಿಗೆ ಅದರ ಗಾಳಿ ಸೋಕಿದರೂ ಸಾಕು, ಅದಕ್ಕೇ ಇಲ್ಲಿ ಹುಟ್ಟಿದ ಮಗುವೂ ಆ ಮರದ ಕೆಳಗೆ ನಿಲ್ಲುವುದಿಲ್ಲ ಎಂದು ದೂರದಿಂದ ಕೂಗಿ ವಿವರಿಸಿದರು. ನನಗಾಗಲೇ ಕೆನ್ನೆ ಚುರುಗುಟ್ಟುತ್ತಿತ್ತು. ಆದರೂ ಇದೇ ನನ್ನ ಕೊನೆಯ ಅವಕಾಶ. ಗಟ್ಟಿಯಾಗಿ ಕೂಗಿದೆ, "ಗುರುವಾರದ ಮೇಲೆ ಎಲ್ಲಾರೂ ನಮ್ಮನಿಗೆ ಊಟಕ್ಕ ಬರ್ರಿ!"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೋಡನ ಮಾಸ್ತರೆ," ಎಂದ ಮಿಲಿಟರಿ ಹೆಗಡೆ. "ಮೊದ್ಲು ಅದು ಇಳೀಲಿ. ನಿಂಗ ಆಮೇಲಿನ ಬಸ್ಸಿಗೆ ಬನ್ನಿ."

ಆಮೇಲಿನ ಬಸ್ಸಿಗೆ ಬಂದೆ.

ಸೋಮವಾರ ಮುಖ ಕೆಂಪಾಯಿತು. ಮಂಗಳವಾರ ಊದಿತು. ಬುಧವಾರ ಕನ್ನಡಿಯಲ್ಲಿ ಕಂಡವನು ಯಾರೆಂದು ನನಗೆ ತಿಳಿಯಲಿಲ್ಲ. ಕಣ್ಣುಗಳು ಎರಡು ಗೀರು, ತುಟಿ ಬದನೆಕಾಯಿ, ಕೆನ್ನೆಯ ಮೇಲೆ ನಾನೇ ಎಳೆದ ಮೂರು ಮೂರು ಗೆರೆಗಳು ಬೊಬ್ಬೆಯ ಸಾಲಾಗಿ ಎದ್ದು ನಿಂತಿದ್ದವು. ರೇಖೆಗಳು ನೇರವಾಗಿದ್ದವು, ಅದನ್ನು ಮಾತ್ರ ಒಪ್ಪಬೇಕು.

ಡಾಕ್ಟರು ಇಂಜೆಕ್ಷನ್ ಚುಚ್ಚಿ, ಗುಲಾಬಿ ಬಣ್ಣದ ಲೋಷನ್ ಬರೆದುಕೊಟ್ಟು, ಆಮೇಲೆ ದನಿ ತಗ್ಗಿಸಿ, "ಒಂದ್ಸಲ ತಾರೆ ಮರಕ್ಕೂ ಸುತ್ತು ಹಾಕ್ಬಿಡಿ" ಎಂದರು. ಡಾಕ್ಟರೂ ಈ ಊರವರೇ! ಭಾಗೀರಥಕ್ಕ ಆ ವಿಧಿಯನ್ನು ವಿವರವಾಗಿ ಹೇಳಿಕೊಟ್ಟರು. "ಯಾರ ಹತ್ರನೂ ಮಾತಾಡ್ದೆ ಒಬ್ರೇ ಹೋಗವ್ವು. ಮೂರು ಸುತ್ತು ಬಂದು, ಮರ ತಬ್ಕಂಡು, ತಪ್ಪಾತು ಹೇಳವ್ವು. ಅದು ಇದ್ಕೆ ಶಾಂತಿ."

ಮಾತಾಡದೆ ಒಬ್ಬನೇ ಹೋಗುವುದರಲ್ಲಿ ನನಗೆ ಸಮಾನರಿಲ್ಲ. ಊರಾಚೆಯ ತಾರೆ ಮರಕ್ಕೆ ಮೂರು ಸುತ್ತು ಬಂದು ತಬ್ಬಿಕೊಂಡೆ. ತೊಗಟೆ ತಂಪಾಗಿತ್ತು. ಸಿದ್ದಾಪುರಕ್ಕೆ ಬಂದ ಮೂರು ವರ್ಷದಲ್ಲಿ ಈ ಊರಿನಲ್ಲಿ ನಾನು ತಬ್ಬಿಕೊಂಡ ಮೊದಲ ಜೀವಿ ಆ ಮರ. ತಪ್ಪಾಯಿತು ಎಂದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಗಿರಿಜಾಳಿಗೆ ಬರಬೇಡ ಎನ್ನಲು ಬೂತಿಗೆ ಹೋದೆ. ಆಗಲೇ ಹೊರಟಿದ್ದಾಳೆ ಎಂದು ತಿಳಿಯಿತು.

ಗುರುವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆ. ಕೂತ ಕೂಡಲೇ ಅದೇ ಬೆಂಚಿನಲ್ಲಿದ್ದ ಮೂವರು ಎದ್ದು ಹೋದರು. ಶಿರಸಿ ಬಸ್ಸು ಬಂತು. ಹುಬ್ಬಳ್ಳಿಯಿಂದ ಯಲ್ಲಾಪುರ, ಶಿರಸಿ ಎಂದು ಬಸ್ಸು ಬದಲಿಸಿ ಬಂದ ಗಿರಿಜಾ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಭಾರದ ಚೀಲ ಹಿಡಿದು ಇಳಿದಳು. ಕೂದಲು ಕೆದರಿತ್ತು. ಎಂಟು ತಿಂಗಳ ಮೇಲೆ ನೋಡುತ್ತಿದ್ದೆ. ಅವಳು ಸುತ್ತ ನೋಡಿದಳು. ಕಣ್ಣು ನನ್ನ ಮೇಲೆ ಹಾದು ಹೋಯಿತು. ಗಡಿಯಾರ ನೋಡಿದಳು. ಹಣೆಗೆ ಕೈ ಅಡ್ಡ ಹಿಡಿದು ಮತ್ತೆ ಹುಡುಕಿದಳು. ಹೋಟೆಲಿನ ಬಾಗಿಲಿಗೆ ಹೋಗಿ ಇಣುಕಿ ಬಂದಳು.

ನಾನು ಆಗಲೇ ಕರೆಯಬೇಕಿತ್ತು. ಕರೆಯಲಿಲ್ಲ. ನಾಚಿಕೆ ಒಂದು. ಇನ್ನೊಂದು, ಈ ಊರಿನಲ್ಲಿ ಒಬ್ಬರು ನನ್ನನ್ನು ಹುಡುಕುವುದನ್ನು ನಾನು ಅದೇ ಮೊದಲು ನೋಡುತ್ತಿದ್ದೆ. ಇನ್ನೊಂದು ನಿಮಿಷ ಹುಡುಕಲಿ ಅನ್ನಿಸಿತು. ದುರಾಸೆ.

ಮೂರನೆಯ ಸಲ ಅವಳ ಕಣ್ಣು ನನ್ನ ಮೇಲೆ ಬಂದಾಗ ಅಲ್ಲೇ ನಿಂತಿತು. ಗುರುತಿನಿಂದಲ್ಲ, ಕಸುಬಿನಿಂದ. ಚೀಲ ಎಳೆದುಕೊಂಡು ನೇರ ನನ್ನ ಹತ್ತಿರ ಬಂದಳು.

"ಅಣ್ಣಾರ, ಮುಖಕ್ಕ ಏನಾಗೇತ್ರಿ? ಎಷ್ಟ ದಿನಾತು? ಉಸಿರಾಡಾಕ ತ್ರಾಸ ಐತೇನು?"

ನಾನು ತಲೆ ಅಲ್ಲಾಡಿಸಿದೆ. ಅವಳು ಪಕ್ಕದಲ್ಲಿ ಕೂತಳು. ನಾಲ್ಕು ದಿನದಿಂದ ಊರೇ ದೂರ ನಿಂತ ಮನುಷ್ಯನ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ನಾಡಿ ನೋಡಿದಳು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು.

"ಇಂಥಾದ್ರಾಗ ಒಬ್ಬರ ಹೊರಗ ಬರಬಾರದ್ರಿ. ಸಂಗಡ ಯಾರ್ ಬಂದಾರ? ಮನಿಯಾಗ ಯಾರದಾರ? ಗೆಳೆಯರು, ಬಳಗ, ಯಾರೂ ಇಲ್ಲೇನ್ರೀ ನಿಮಗ?"

ಅವಳ ದನಿಯಲ್ಲಿ ಎಷ್ಟು ಕಾಳಜಿ ಇತ್ತೆಂದರೆ, ಸುಳ್ಳು ಹೇಳಲು ಬಾಯಿಯೇ ಏಳಲಿಲ್ಲ.

"ಯಾರೂ ಇಲ್ರೀ," ಅಂದೆ. "ಈ ಊರಾಗ ನನಗ ಯಾರೂ ಇಲ್ಲ."

ಊದಿದ ತುಟಿಯಿಂದ ಹೊರಟರೂ ಅದು ಅವಳು ವಾರವಾರವೂ ಫೋನಿನಲ್ಲಿ ಕೇಳುವ ದನಿಯೇ. ನಾಡಿಯ ಮೇಲಿದ್ದ ಅವಳ ಬೆರಳುಗಳು ಗಟ್ಟಿಯಾಗಿ ಹಿಡಿದುಕೊಂಡವು. ಮಡಿಲಲ್ಲಿದ್ದ ಚೀಲ ಜಾರಿ ಕೆಳಗೆ ಬಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಮೂರು ವರ್ಷ ವಾರಕ್ಕೈದು ನಿಮಿಷದಂತೆ ಫೋನಿನಲ್ಲಿ ಸುಳ್ಳು ಹೇಳಿದವನು ಕೊನೆಗೂ ಹೆಂಡತಿಗೆ ಒಂದು ನಿಜ ಹೇಳಿದ್ದೆ. ಅದನ್ನಾದರೂ ಗಂಡನಾಗಿ ಹೇಳಿದೆನೇ? ಇಲ್ಲ, ಅಣ್ಣನಾಗಿ ಹೇಳಿದೆ!